‘ಪ್ಯಾಲೇಸ್ ಗ್ರೌಂಡ್ಸ್ 2007’ ಅಂತ ಸಿಡಿ ಮಾರೋಕೆ ಬಂದರೆ ದುಡ್ಡು ಹಾಕಬೇಡಿ

ಇಂಗ್ಲೆಂಡಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್‌ನ 2007ರ ಬೆಂಗಳೂರು ಶೋ ಇದೆ, ಜನರ ಮಧ್ಯೆ ನಿಂತು ಮಾಡಿದ ರೆಕಾರ್ಡಿಂಗು, ಎರಡು ಸಿಡಿ, ಒಂದು ಪೆನ್‌ಡ್ರೈವ್, 3500 ರೂಪಾಯಿ. ಹೀಗಂತ ಯಾರಾದರೂ ಮೆಸೇಜ್ ಮಾಡಿದರೆ ಉತ್ತರಾನೂ ಕೊಡಬೇಡಿ. ನಾನು ಕೊಟ್ಟೆ. ದುಡ್ಡೂ ಕೊಟ್ಟೆ. ಕೊರಿಯರ್‌ಗೆ ಅಂತ ಮೇಲೆ 250 ಬೇರೆ.

2007ರ ಮಾರ್ಚ್ 17, ಶನಿವಾರ. ಮೇಡನ್ ನಮ್ಮ ದೇಶಕ್ಕೆ ಬಂದಿದ್ದು ಅದೇ ಮೊದಲು. ನಾನು, ನನ್ನ ರೂಮ್‌ಮೇಟ್ ಇಬ್ಬರೂ ದಾವಣಗೆರೆಯಿಂದ ಬೆಳಗಿನ ಬಸ್ ಹತ್ತಿ ಬಂದಿದ್ದೆವು. ಅರಮನೆ ಮೈದಾನದ ತುಂಬ ಕರಿ ಟೀ ಶರ್ಟು. ಮೊದಲು ದೆಹಲಿಯ ಪರಿಕ್ರಮ ಬ್ಯಾಂಡಿನವರು ನುಡಿಸಿದರು, ಮೇಡನ್‌ನ ಬೇಸಿಸ್ಟ್ ಸ್ಟೀವ್ ಹ್ಯಾರಿಸ್ ಮಗಳು ಲಾರೆನ್ ಹಾಡಿದಳು. ಅವರ ಹಾಡು ಒಂದೂ ನೆನಪಿಲ್ಲ, ಪಾಪ. ಆಮೇಲೆ ಮೇಡನ್ ಬಂತು. ಅದರ ಬಗ್ಗೆ ಬರೆಯೋಕೆ ಕೂತರೆ ಈ ಬರಹ ಮುಗಿಯಲ್ಲ.

ಈ ವರ್ಷ ಆ ರೂಮ್‌ಮೇಟ್‌ಗೆ ನಲವತ್ತು ತುಂಬಿತು. ವಾಚು, ಶರ್ಟು ಯಾರು ಬೇಕಾದರೂ ಕೊಡುತ್ತಾರೆ. ಆ ರಾತ್ರಿಯನ್ನೇ ಕೊಟ್ಟುಬಿಟ್ಟರೆ ಹೇಗೆ ಅನ್ನಿಸಿತು. ಮೆಟಲ್ ಕೇಳುವವರ ಒಂದೆರಡು ಗುಂಪಿನಲ್ಲಿ ‘ಯಾರ ಹತ್ತಿರವಾದರೂ ಆ ಶೋ ಇದೆಯಾ?’ ಅಂತ ಹಾಕಿದೆ. ಮೊದಲ ತಪ್ಪು ಅದೇ. ನನಗೆ ಏನು ಬೇಕು, ಎಷ್ಟು ಆಸೆ ಇದೆ ಅಂತ ಎಲ್ಲರಿಗೂ ಕಾಣುವ ಹಾಗೆ ಬರೆದಿದ್ದೆ.

ಅರ್ಧ ಗಂಟೆಯಲ್ಲಿ ಒಬ್ಬ ಬಂದ. ‘ಬ್ರೋ, ನನ್ನ ಹತ್ತಿರ ಮಾಸ್ಟರ್ ಇದೆ’ ಅಂದ, ಅಂದರೆ ಮೂಲ ರೆಕಾರ್ಡಿಂಗು. ಹಳೇ ಟಿಕೆಟ್‌ನ ಫೋಟೋ ಕಳಿಸಿದ. ಅದರ ಹಿಂದೆಯೇ ನಲವತ್ತು ಸೆಕೆಂಡಿನ ಸ್ಯಾಂಪಲ್ಲು. ಹಿಂದೆ ದೂರದಲ್ಲಿ ‘ಮೇಡನ್, ಮೇಡನ್’ ಅಂತ ಕೂಗು. ಮೈಕಿನ ಪಕ್ಕದಲ್ಲೇ ಒಬ್ಬ, ‘ಲೋ, ತಳ್ಳಬ್ಯಾಡ್ರೋ, ಹಿಂದೆ ಜಾಗ ಐತಲ್ಲೋ!’

ನಾನು ಬಿದ್ದಿದ್ದು ಅಲ್ಲೇ. ಆ ‘ಐತಲ್ಲೋ’ ಕೇಳಿದ ಮೇಲೆ ಅನುಮಾನ ಪಡೋಕೆ ಮನಸ್ಸೇ ಬರಲಿಲ್ಲ. ನಮ್ಮ ಕಡೆಯವನು, ನಮ್ಮ ಮೈದಾನ, ನಮ್ಮ ರಾತ್ರಿ. ‘ಮುಂಬೈಯಿಂದ ಇನ್ನೊಬ್ಬರು ಕೇಳುತ್ತಿದ್ದಾರೆ, ಉಳಿದಿರೋದು ಎರಡೇ ಸೆಟ್’ ಅಂದ ಅವನು. ಅಲ್ಲ, ಕಾಪಿ ಮಾಡುವ ಫೈಲಿಗೆ ಎರಡೇ ಸೆಟ್ ಹೇಗೆ ಉಳಿಯುತ್ತೆ? ಇದನ್ನು ಆಮೇಲೆ ನನ್ನ ಹೆಂಡತಿ ಕೇಳಿದಳು. ನನಗೆ ಆಗ ಹೊಳೆಯಲಿಲ್ಲ. ಯುಪಿಐನಲ್ಲಿ ಹಾಕಿಬಿಟ್ಟೆ.

ಎಂಟು ದಿನಕ್ಕೆ ಪಾರ್ಸೆಲ್ ಬಂತು. ಕವರ್ ಚೆನ್ನಾಗೇ ಪ್ರಿಂಟ್ ಮಾಡಿಸಿದ್ದ. ಬ್ಯಾಂಡಿನ ಗುರುತಾದ ಭೂತ ಎಡ್ಡಿಯ ಚಿತ್ರ, ಕೆಳಗೆ ಊರು, ತಾರೀಕು. ಹೆಡ್‌ಫೋನ್ ಹಾಕಿ ಕೂತೆ. ಶುರುವಿನಲ್ಲಿ ಒಬ್ಬ ಮುದುಕನ ಇಂಗ್ಲಿಷ್ ಭಾಷಣ. ಚರ್ಚಿಲ್. ಅದರ ಹಿಂದೆಯೇ ‘ಏಸಸ್ ಹೈ’ ಹಾಡು.

ಅಲ್ಲಿಗೆ ಎದೆ ಧಸಕ್ಕೆಂದಿತು. 2007ರಲ್ಲಿ ಅವರು ಶುರು ಮಾಡಿದ್ದು ‘ಡಿಫರೆಂಟ್ ವರ್ಲ್ಡ್’ನಿಂದ, ಆಗಿನ ಹೊಸ ಆಲ್ಬಮ್ಮಿನ ಮೊದಲ ಹಾಡು. ಚರ್ಚಿಲ್ ಭಾಷಣ ಹಾಕಿ ‘ಏಸಸ್ ಹೈ’ ಹೊಡೆದಿದ್ದು ಆಮೇಲಿನ ಟೂರ್‌ನಲ್ಲಿ. ಅದು ಶುರುವಾಗಿದ್ದೇ 2008ರ ಫೆಬ್ರವರಿ 1ರಂದು, ಮುಂಬೈಯಲ್ಲಿ. ಆ ಟೂರ್‌ನಲ್ಲೇ 2009ರ ಫೆಬ್ರವರಿ 15ಕ್ಕೆ ಮತ್ತೆ ಬೆಂಗಳೂರಿಗೂ ಬಂದಿದ್ದರು. ‘ಹೋಗಲಿ, ವರ್ಷ ತಪ್ಪು ಬರೆದಿರಬಹುದು, ಊರಾದರೂ ನಮ್ಮದೇ ಇರಬಹುದು’ ಅಂತ ಸಮಾಧಾನ ಮಾಡಿಕೊಂಡೆ. ದುಡ್ಡು ಕೊಟ್ಟವನ ಮನಸ್ಸು ಹಾಗೇ ಅಲ್ವಾ, ಏನಾದರೊಂದು ನೆಪ ಹುಡುಕುತ್ತೆ.

ಮೇಡನ್‌ನ ಹಾಡುಗಾರ ಬ್ರೂಸ್ ಡಿಕಿನ್ಸನ್ ಯಾವ ಊರಿಗೆ ಹೋದರೂ ‘ಸ್ಕ್ರೀಮ್ ಫಾರ್ ಮೀ’ ಅಂತ ಕೂಗಿ ಆ ಊರಿನ ಹೆಸರು ಸೇರಿಸುತ್ತಾನೆ. ಮೇಡನ್ ಕೇಳುವವರಿಗೆಲ್ಲ ಗೊತ್ತಿರೋದೇ. ಈ ಸಿಡಿಯಲ್ಲಿ ‘ಸ್ಕ್ರೀಮ್ ಫಾರ್ ಮೀ’ ಅಂತಾನೆ, ತಟ್ಟನೆ ಚಪ್ಪಾಳೆ. ಊರೇ ಇಲ್ಲ. ಇನ್ನೊಂದು ಕಡೆಯೂ ಹಾಗೇ. ಮೂರನೇ ಕಡೆಯೂ ಹಾಗೇ. ಫೈಲನ್ನು ಆಡಾಸಿಟಿ ಅನ್ನೋ ಧ್ವನಿ ಎಡಿಟ್ ಮಾಡುವ ಸಾಫ್ಟ್‌ವೇರ್‌ನಲ್ಲಿ ತೆರೆದು ಆ ಜಾಗವನ್ನು ದೊಡ್ಡದು ಮಾಡಿ ನೋಡಿದೆ. ಅಲೆ ಹೋಗುತ್ತಾ ಹೋಗುತ್ತಾ ಕಚಕ್ಕನೆ ನಿಂತು, ಬೇರೆಯದೇ ಎತ್ತರದಲ್ಲಿ ಮತ್ತೆ ಶುರುವಾಗುತ್ತೆ. ಊರಿನ ಹೆಸರನ್ನು ಕತ್ತರಿಸಿ ತೆಗೆದು ಚಪ್ಪಾಳೆಯ ತೇಪೆ ಹಚ್ಚಿದ್ದಾನೆ. ಅಷ್ಟೆಲ್ಲ ಕಷ್ಟಪಟ್ಟವನು ಹಾಡುಗಳ ಪಟ್ಟಿಯನ್ನು ಒಂದು ಸಲ ನೋಡಿಕೊಳ್ಳಬಾರದಿತ್ತಾ!

ಕೊನೆಗೆ ಊರು ಗೊತ್ತಾಗದಿದ್ದರೂ ಭಾಷೆ ಗೊತ್ತಾಯಿತು. ಒಂದು ನಿಧಾನದ ಜಾಗದಲ್ಲಿ ಗಿಟಾರ್ ಸಣ್ಣಗಾದಾಗ ಮೈಕಿನ ಪಕ್ಕದ ಇಬ್ಬರು ಮಾತಾಡುತ್ತಾರೆ. ನನಗೆ ಅರ್ಥ ಆಗಲಿಲ್ಲ. ಆಫೀಸಿನಲ್ಲಿ ಸ್ಪ್ಯಾನಿಷ್ ಕಲಿಯುತ್ತಿರುವ ಹುಡುಗಿಗೆ ಕೇಳಿಸಿದೆ. ‘ಬಿಯರ್ ತರೋಕೆ ಹೋದವನು ಇನ್ನೂ ಬಂದಿಲ್ಲ ಅಂತಿದಾರೆ ಸರ್’ ಅಂದಳು. 3750 ರೂಪಾಯಿ ಕೊಟ್ಟು ನಾನು ಕೇಳಿದ್ದು ಯಾವುದೋ ದೇಶದ ಬಿಯರ್ ವಿಚಾರ.

ಸ್ಯಾಂಪಲ್‌ನಲ್ಲಿದ್ದ ಕನ್ನಡ? ಅದು ಯಾರೋ ಯೂಟ್ಯೂಬ್‌ಗೆ ಹಾಕಿದ್ದ ಫೋನ್ ವಿಡಿಯೊದಿಂದ ಎತ್ತಿದ್ದು. ಒಂದು ಸಂಜೆ ಹುಡುಕಿದ್ದಕ್ಕೆ ಸಿಕ್ಕಿತು. ಟಿಕೆಟ್‌ನ ಫೋಟೋ ಕೂಡ ಹಾಗೇ, ಗೂಗಲ್ ಲೆನ್ಸ್‌ಗೆ ಕೊಟ್ಟರೆ ಎರಡೇ ನಿಮಿಷದ ಕೆಲಸ. ದುಡ್ಡು ಹಾಕೋ ಮೊದಲು ಆ ಎರಡು ನಿಮಿಷ ನನ್ನ ಹತ್ತಿರ ಇರಲಿಲ್ಲವಂತೆ.

ಇನ್ನು ಪೆನ್‌ಡ್ರೈವ್. ಅದರಲ್ಲಿ ಇದ್ದಿದ್ದು ಫ್ಲ್ಯಾಕ್ ಫೈಲು, ಅಂದರೆ ಧ್ವನಿಯಲ್ಲಿ ಏನೂ ಕಳೆಯದೆ ಉಳಿಸುವ ಬಗೆ. ‘ಒರಿಜಿನಲ್ ಕ್ವಾಲಿಟಿ ಬ್ರೋ’ ಅಂದಿದ್ದ. ಸ್ಪೆಕ್ ಅಂತ ಒಂದು ಪುಕ್ಕಟೆ ಸಾಫ್ಟ್‌ವೇರ್ ಇದೆ. ಫೈಲನ್ನು ಅದಕ್ಕೆ ಎಳೆದು ಹಾಕಿದರೆ ಧ್ವನಿಯ ಚಿತ್ರ ಬರುತ್ತೆ, ಕೆಳಗೆ ದಪ್ಪ ಸದ್ದು, ಮೇಲೆ ತೆಳ್ಳನೆ ಸದ್ದು. ನನ್ನದರಲ್ಲಿ ಕೆಳಗೆಲ್ಲ ಬಣ್ಣ, 16 ಕಿಲೋಹರ್ಟ್ಸ್ ಹತ್ತಿರ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ನಿಂತಿತ್ತು, ಮೇಲೆ ಕಪ್ಪು. 128 ಕೆಬಿಪಿಎಸ್‌ನ ಎಂಪಿ3 ಮಾಡೋದು ಹೀಗೆ, ಮೇಲಿನ ಸದ್ದನ್ನು ಕತ್ತರಿಸಿ ಎಸೆದು ಫೈಲನ್ನು ಚಿಕ್ಕದು ಮಾಡುತ್ತೆ. ಅದನ್ನು ಮತ್ತೆ ಫ್ಲ್ಯಾಕ್ ಮಾಡಿದರೆ ಸೈಜು ಊದಿಕೊಳ್ಳುತ್ತೆ ಅಷ್ಟೆ, ಹೋದ ಸದ್ದು ಬರಲ್ಲ. ಹಾಲಿಗೆ ನೀರು ಹಾಕಿ ದೊಡ್ಡ ಕ್ಯಾನಿಗೆ ಸುರಿದ ಹಾಗೆ.

ನಿಜವಾಗಿ ರೆಕಾರ್ಡ್ ಮಾಡುವವರು, ‘ಟೇಪರ್’ ಅಂತಾರಲ್ಲ, ಅವರ ದಾರಿಯೇ ಬೇರೆ. ಅವರಲ್ಲಿ ಮಾರೋದು ಅಂದರೆ ಅವಮಾನ. ನನ್ನದು ನಿನಗೆ, ನಿನ್ನದು ನನಗೆ, ಅಷ್ಟೆ. ಅವರ ಫೈಲಿನ ಜೊತೆ ಒಂದು ಪುಟ್ಟ ಟೆಕ್ಸ್ಟ್ ಫೈಲ್ ಇರುತ್ತೆ. ಯಾವ ಮೈಕು, ಯಾವ ರೆಕಾರ್ಡರ್, ಎಲ್ಲಿ ನಿಂತಿದ್ದೆ, ಆಮೇಲೆ ಕಂಪ್ಯೂಟರಿನಲ್ಲಿ ಏನೇನು ಮಾಡಿದೆ, ಎಲ್ಲ ಬರೆದಿರುತ್ತಾರೆ. ಗ್ರೇಟ್‌ಫುಲ್ ಡೆಡ್ ಬ್ಯಾಂಡ್ 1984ರಲ್ಲೇ ಇಂಥವರು ನಿಲ್ಲೋಕೆ ಬೇರೆ ಜಾಗ ಬಿಟ್ಟಿತ್ತು. ಮೆಟಾಲಿಕಾ ಕೂಡ ಅಭಿಮಾನಿಗಳಿಗೆ ರೆಕಾರ್ಡ್ ಮಾಡೋಕೆ ಬಿಟ್ಟಿತ್ತು, 2004ರಿಂದ ತಮ್ಮ ಶೋಗಳನ್ನು ತಾವೇ ರೆಕಾರ್ಡ್ ಮಾಡಿ ಮಾರುತ್ತಾರೆ. ನಾನು ‘ಯಾವ ಮೈಕ್?’ ಅಂತ ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಆ ಬ್ರೋ ಅವತ್ತೇ ಮಾಯ ಆಗುತ್ತಿದ್ದ. ಸೆಟ್‌ಲಿಸ್ಟ್ ಡಾಟ್ ಎಫ್‌ಎಂನಲ್ಲಿ ಯಾವ ಊರಲ್ಲಿ ಯಾವ ಹಾಡು ಅಂತ ಪಟ್ಟಿ ಸಿಗುತ್ತೆ. ಸ್ಯಾಂಪಲ್ಲನ್ನು ಅವನು ಆರಿಸಿ ಕೊಟ್ಟ ಕಡೆಯಿಂದ ತಗೊಳ್ಳೋ ಬದಲು ‘ಐದನೇ ಹಾಡಿನ ಮಧ್ಯದ ಒಂದು ನಿಮಿಷ ಕಳಿಸಿ’ ಅಂತ ನಾನೇ ಕೇಳಬೇಕಿತ್ತು.

ಮಾಯ ಆಗಿದ್ದಂತೂ ನಿಜ. ‘ಇದು ಬೆಂಗಳೂರಲ್ಲ’ ಅಂತ ಬರೆದ ಮೇಲೆ ಎರಡು ನೀಲಿ ಟಿಕ್ ಬಂತು, ಆಮೇಲೆ ಡಿಪಿ ಹೋಯಿತು.

ದೂರು ಕೊಡೋಣ ಅಂದರೆ ಇನ್ನೊಂದು ಫಜೀತಿ. ಕಲಾವಿದರ ಒಪ್ಪಿಗೆ ಇಲ್ಲದೆ ಅವರ ಶೋ ರೆಕಾರ್ಡ್ ಮಾಡಿ ಮಾರೋದು ನಮ್ಮ ಕಾಪಿರೈಟ್ ಕಾಯ್ದೆ ಪ್ರಕಾರವೇ ತಪ್ಪು. ‘ಕಳ್ಳಮಾಲು ತಗೊಂಡೆ, ಅದು ಬೇರೆ ಕಳ್ಳಮಾಲು ಬಂತು’ ಅಂತ ಯಾರ ಹತ್ತಿರ ಹೇಳಲಿ? ನಾಚಿಕೆಯಲ್ಲೇ ಹನ್ನೆರಡು ದಿನ ಕಳೆದೆ. ಆಮೇಲೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದೆ. ದೂರು ಬರೆದುಕೊಂಡರು. ಆದರೆ ದುಡ್ಡು ಆ ಖಾತೆಯಿಂದ ಎಂದೋ ಖಾಲಿ ಆಗಿತ್ತು. ನಿಮಗೆ ಹೀಗಾದರೆ ನಾಚಿಕೆ ಪಕ್ಕಕ್ಕಿಟ್ಟು ಅದೇ ದಿನ, ಅದೇ ಗಂಟೆಯಲ್ಲಿ ಫೋನ್ ಮಾಡಿ. ತಡ ಆದಷ್ಟೂ ದುಡ್ಡು ಕೈಯಿಂದ ಕೈಗೆ ದಾಟಿ ಹೋಗುತ್ತೆ.

ಹುಟ್ಟುಹಬ್ಬದ ದಿನ ಬರಿಗೈಯಲ್ಲಿ ಹೋಗಿ ಗೆಳೆಯನಿಗೆ ಎಲ್ಲ ಹೇಳಿದೆ. ಬಿದ್ದು ಬಿದ್ದು ನಕ್ಕ. ‘ಲೋ ಮಗಾ, ನನ್ನನ್ನ ಕೇಳಬಾರದಿತ್ತಾ?’ ಅಂತ ಬೀರು ತೆಗೆದು, ಹಳೇ ಚಾರ್ಜರ್‌ಗಳ ಡಬ್ಬಿಯಿಂದ ಒಂದು ಮೆಮೊರಿ ಕಾರ್ಡ್ ಹುಡುಕಿದ. ಅವತ್ತು ಜೇಬಿನಲ್ಲಿದ್ದ ಫೋನಿನಲ್ಲಿ ರೆಕಾರ್ಡ್ ಮಾಡಿದ್ದನಂತೆ. ಎಎಂಆರ್ ಫೈಲು, ಐವತ್ತೆರಡು ಸೆಕೆಂಡು. ಫೋನಿನ ಮಾತಿಗೆ ಅಂತಲೇ ಮಾಡಿದ ಫಾರ್ಮ್ಯಾಟ್ ಅದು. ಸ್ಪೆಕ್‌ಗೆ ಹಾಕಿದರೆ 4 ಕಿಲೋಹರ್ಟ್ಸ್ ಕೂಡ ಮುಟ್ಟಲ್ಲ. ಮೂರು ಗಿಟಾರೂ ಸೇರಿ ಹಿಟ್ಟಿನ ಗಿರಣಿ ಸದ್ದು. ಯಾವ ಹಾಡು ಅಂತ ನಾವಿಬ್ಬರೂ ನಾಲ್ಕು ಸಲ ಕೇಳಿದರೂ ಗೊತ್ತಾಗಲಿಲ್ಲ.

ಅವತ್ತೇ ವರ್ಲ್ಡ್ ಕಪ್‌ನಲ್ಲಿ ಇಂಡಿಯಾ-ಬಾಂಗ್ಲಾದೇಶ ಮ್ಯಾಚು. ಮೂವತ್ತನೇ ಸೆಕೆಂಡಿನ ಹತ್ತಿರ ಆ ಗಿರಣಿಯ ಮಧ್ಯೆ ಯಾರೋ ಕಿರುಚುತ್ತಾನೆ, ‘ಸಚಿನ್ ಔಟಂತೆ ಕಣ್ರೋ! ಏಳಕ್ಕೆ!’ ಅದಕ್ಕೆ ಇನ್ನೂ ಜೋರಾಗಿ, ಗಂಟಲು ಕಿತ್ತು ಹೋದ ನನ್ನದೇ ದನಿ, ‘ಏ, ಸುಮ್ನಿರೋ ಮಾರಾಯಾ!’