ಬೇರೂ ಹೌದು, ದಾರಿಯೂ ಹೌದು: ‘ಅಮೆರಿಕನ್ ರೂಟ್ಸ್’ ರೇಡಿಯೊ

ಹೆಸರಲ್ಲೇ ಶ್ಲೇಷೆ ಇದೆ. ಕಿವಿಗೆ ಕೇಳಿಸುವುದು ಬೇರುಗಳು (roots), ಇಂಗ್ಲಿಷ್ ಕಾಗುಣಿತ ಮಾತ್ರ ದಾರಿಗಳದ್ದು (routes). ಕನ್ನಡದಲ್ಲಿ ಬರೆದರೆ ಎರಡೂ ಒಂದೇ ‘ರೂಟ್ಸ್’ ಆಗಿಬಿಡುತ್ತದೆ. ಈ ಕಾರ್ಯಕ್ರಮದ ಮಟ್ಟಿಗೆ ಅದೇ ಸರಿ. 1998ರಿಂದ ಲೂಯಿಸಿಯಾನ ರಾಜ್ಯದ ನ್ಯೂ ಆರ್ಲಿಯನ್ಸ್‌ನಲ್ಲಿ ತಯಾರಾಗುತ್ತ, ಅಮೆರಿಕದ ಸಾರ್ವಜನಿಕ ರೇಡಿಯೊ ಕೇಂದ್ರಗಳಲ್ಲಿ ವಾರಕ್ಕೆ ಎರಡು ಗಂಟೆ ಪ್ರಸಾರವಾಗುತ್ತದೆ. ನಡೆಸುವವರು ನಿಕ್ ಸ್ಪಿಟ್ಜರ್. ಟುಲೇನ್ ವಿಶ್ವವಿದ್ಯಾಲಯದ ಮಾನವಶಾಸ್ತ್ರದ ಮೇಷ್ಟ್ರು, ಒಂದು ಕಾಲಕ್ಕೆ ಲೂಯಿಸಿಯಾನದ ಮೊದಲ ಸರ್ಕಾರಿ ಜಾನಪದ ತಜ್ಞ. ಬ್ಲೂಸ್, ಗಾಸ್ಪೆಲ್, ಕಂಟ್ರಿ, ಜಾಝ್, ಲೂಯಿಸಿಯಾನದ ಫ್ರೆಂಚ್ ಭಾಷಿಕರ ಕೇಜನ್ ಮತ್ತು ಝೈಡಿಕೋ ಎಲ್ಲ ಒಂದೇ ಪಂಕ್ತಿಯಲ್ಲಿ ಕೂರುತ್ತವೆ.

ವಾರಕ್ಕೊಂದು ವಿಷಯ ಹಿಡಿದು ಜನಪದ ಸಂಗೀತ ಹಾಕುವ ಕಾರ್ಯಕ್ರಮಗಳು ಸಾಮಾನ್ಯವಾಗಿ ಎಡವುವುದು ಒಂದೇ ಕಡೆ. ‘ರೈಲು’ ಅಂತ ವಿಷಯ ಬಂತೋ, ಸಾಹಿತ್ಯದಲ್ಲಿ ರೈಲು ಎಂಬ ಪದ ಇರುವ ಇಪ್ಪತ್ತು ಹಾಡು ಹುಡುಕಿ ಸಾಲಾಗಿ ನಿಲ್ಲಿಸುತ್ತಾರೆ. ಮೂರನೇ ಹಾಡಿಗೇ ಕೇಳುಗನಿಗೆ ಗುಟ್ಟು ಗೊತ್ತಾಗುತ್ತದೆ, ಉಳಿದದ್ದು ಹಾಜರಿ ಕೂಗಿದ ಹಾಗೆ. ಈ ಪದದಾಟವನ್ನೇ ಕಲೆ ಮಾಡಿಕೊಂಡವರು ಗಾಯಕ ಬಾಬ್ ಡಿಲನ್: 2006ರಿಂದ 2009ರವರೆಗೆ ಉಪಗ್ರಹ ರೇಡಿಯೊದಲ್ಲಿ ಹವಾಮಾನ, ಕಾಫಿ, ಜೈಲು ಅಂತ ಒಂದೊಂದು ವಿಷಯ ಹಿಡಿದು ನೂರು ಕಂತು ನಡೆಸಿದರು. ಅದು ನಿಂತದ್ದು ಅವರ ಒಣ ಹಾಸ್ಯದ ಮೇಲೆ. ಆ ನಾಲಿಗೆ ಇಲ್ಲದವರು ಅದೇ ಅಚ್ಚು ಎತ್ತಿಕೊಂಡರೆ ಪಟ್ಟಿ ಮಾತ್ರ ಉಳಿಯುತ್ತದೆ.

‘ಅಮೆರಿಕನ್ ರೂಟ್ಸ್’ ವಿಷಯವನ್ನು ಪದದಲ್ಲಿ ಹುಡುಕುವುದಿಲ್ಲ, ಕಸುಬಿನಲ್ಲಿ ಹುಡುಕುತ್ತದೆ. ಒಂದು ವಾದ್ಯ ಯಾರ ಕೈಯಿಂದ ಯಾರ ಕೈಗೆ ಹೋಯಿತು, ಒಂದು ಲಯ ಯಾವ ಕೆಲಸದಿಂದ ಹುಟ್ಟಿತು ಎಂಬುದೇ ಅದರ ದಾರ. ರೈಲನ್ನೇ ತೆಗೆದುಕೊಳ್ಳಿ: ಹಾರ್ಮೋನಿಕಾ ನುಡಿಸುವವ ಉಸಿರು ಒಳಗೆಳೆದು ಹೊರಬಿಡುವ ಲಯದಲ್ಲೇ ಎಂಜಿನ್ ಹೊರಡುತ್ತದೆ, ರೈಲೆಂಬ ಪದ ಬೇಕೇ ಆಗುವುದಿಲ್ಲ. ಸೆಪ್ಟೆಂಬರ್ ಮೊದಲ ಸೋಮವಾರದ ಕಾರ್ಮಿಕ ದಿನಕ್ಕೆ ಬರುವ ಕಂತುಗಳಲ್ಲಿ ದುಡಿಯುವವರ ಮಾತಿನ ನಡುವೆ ಹಾಡು ಬರುತ್ತದೆ. ಯಾವುದು ಯಾವುದಕ್ಕೆ ಹಿನ್ನೆಲೆ ಎಂದು ಹೇಳುವುದು ಕಷ್ಟ. ಕಾರ್ಯಕ್ರಮದ ಉತ್ತಮ ಕೆಲಸ ನನ್ನ ಪ್ರಕಾರ ಅಲ್ಲೇ ಇದೆ.

ಲೂಯಿಸಿಯಾನದ ಹಾಡು ಬಂದಾಗ ಹೊಸಬರ ಕಿವಿ ತಪ್ಪುವುದು ಕೇಜನ್ ಮತ್ತು ಝೈಡಿಕೋ ನಡುವೆ. ಎರಡರಲ್ಲೂ ಅಕಾರ್ಡಿಯನ್ ಇದೆ, ಎರಡರಲ್ಲೂ ಅಲ್ಲಿನ ಫ್ರೆಂಚ್ ಹಾಡುಗಳಿವೆ. ಗುರುತು ಹಿಡಿಯುವ ದಾರಿ ಸುಲಭ. ಪಿಟೀಲು ಮುಂದೆ ಕೇಳಿ, ಅಕಾರ್ಡಿಯನ್ ಸ್ವಲ್ಪ ಕಿರಿಚಿದಂತಿದ್ದರೆ ಬಹುತೇಕ ಕೇಜನ್: ಅದು ಒಂದೇ ಸಾಲಿನ ಹತ್ತು ಗುಂಡಿಯ ಪೆಟ್ಟಿಗೆ, ತಿದಿ ಎಳೆದಾಗ ಒಂದು ಸ್ವರ, ಒತ್ತಿದಾಗ ಇನ್ನೊಂದು. ಹಾಗಾಗಿ ರಾಗದಲ್ಲೇ ಒಂದು ಜಗ್ಗಾಟ ಕೇಳುತ್ತದೆ. ಪಿಟೀಲಿನ ಜಾಗದಲ್ಲಿ ಕರಕರ ಎನ್ನುವ ತಗಡಿನ ಸದ್ದು ಬಂದರೆ ಅದು ಝೈಡಿಕೋ, ಅಲ್ಲಿನ ಫ್ರೆಂಚ್ ಸಂಸ್ಕೃತಿಯ ಕಪ್ಪು ಜನರಾದ ಕ್ರಿಯೋಲರದ್ದು. ಆ ಸದ್ದು ‘ಫ್ರೊಟ್ವಾರ್’ ಎಂಬ ವಾದ್ಯದ್ದು: ಸುಕ್ಕು ಮಡಿಕೆಯ ತಗಡನ್ನು ಅಂಗಿಯಂತೆ ಹೆಗಲಿಗೆ ನೇತುಹಾಕಿಕೊಂಡು ಚಮಚದಲ್ಲೋ ಬಾಟಲಿ ಓಪನರ್‌ನಲ್ಲೋ ಎದೆಯ ಮೇಲೆ ಉಜ್ಜುತ್ತಾರೆ. ಝೈಡಿಕೋದ ದೊರೆ ಕ್ಲಿಫ್ಟನ್ ಶೆನಿಯೆ ಬಾರಿಸುತ್ತಿದ್ದುದು ಪಿಯಾನೊ ಮನೆಗಳಿದ್ದ ದೊಡ್ಡ ಅಕಾರ್ಡಿಯನ್. ಬ್ಲೂಸ್ ಸ್ವರಗಳು ಅದರಲ್ಲಿ ಸರಾಗ.

ಇದನ್ನು ಇಷ್ಟು ಹೇಳಲು ಕಾರಣವಿದೆ. ಕಡಿಮೆ ಬಿಟ್‌ರೇಟಿನ, ಅಂದರೆ ಸೆಕೆಂಡಿಗೆ ಕಡಿಮೆ ಡೇಟಾ ಕಳಿಸುವ, ಇಂಟರ್‌ನೆಟ್ ಪ್ರಸಾರದಲ್ಲಿ ಮೊದಲು ಹಾಳಾಗುವುದು ಇಂಥ ಸದ್ದೇ. ತಗಡು, ಟ್ಯಾಂಬರಿನ್, ಸಿಂಬಲ್‌ಗಳ ಮೇಲ್ಪದರದ ಧ್ವನಿ 64 ಕೆಬಿಪಿಎಸ್ ಎಂಪಿ3ಯಲ್ಲಿ ನೀರು ಚಿಮುಕಿಸಿದಂತೆ ಕಲೆಸಿಹೋಗುತ್ತದೆ. ಆಯ್ಕೆ ಇದ್ದರೆ 128 ಹಿಡಿಯಿರಿ. ಎರಡು ಗಂಟೆಗೆ ಸುಮಾರು 115 ಎಂಬಿ ಖರ್ಚು. 64ರಲ್ಲಿ ಅದರ ಅರ್ಧ. ಹಳೆಯ 78 ಆರ್‌ಪಿಎಂ ತಟ್ಟೆಗಳಿಂದ ಬಂದ ಹಾಡು ಮೋನೊ, ಎರಡೂ ಕಿವಿಗೆ ಒಂದೇ ಧ್ವನಿ, ಆದ್ದರಿಂದ ಒಂದೇ ಇಯರ್‌ಫೋನ್ ಸಾಕು. ಅವು ಹೆಚ್ಚುಕಡಿಮೆ ಮೂರು ನಿಮಿಷಕ್ಕೇ ಮುಗಿಯುತ್ತವೆ, ಹತ್ತು ಇಂಚಿನ ತಟ್ಟೆಯ ಒಂದು ಮಗ್ಗುಲಲ್ಲಿ ಅಷ್ಟೇ ಹಿಡಿಯುತ್ತಿತ್ತು.

ಬೆಂಗಳೂರಲ್ಲೋ ಧಾರವಾಡದಲ್ಲೋ ಕೂತು ನೇರ ಪ್ರಸಾರ ಹಿಡಿಯುವವರಿಗೆ ಕಾಟ ಕೊಡುವುದು ಗಡಿಯಾರ. ನ್ಯೂ ಆರ್ಲಿಯನ್ಸ್ ನಮಗಿಂತ ಚಳಿಗಾಲದಲ್ಲಿ ಹನ್ನೊಂದೂವರೆ ಗಂಟೆ ಹಿಂದೆ, ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಹತ್ತೂವರೆ. ಅಲ್ಲಿನ ಶನಿವಾರ ಸಂಜೆ ಏಳು ಎಂದರೆ ನಮಗೆ ಭಾನುವಾರ ಬೆಳಿಗ್ಗೆ ಆರೂವರೆ, ಬೇಸಿಗೆಯಲ್ಲಿ ಐದೂವರೆ. ಅಲಾರಂ ಇಟ್ಟವರು ಮಾರ್ಚ್‌ನಲ್ಲಿ ಒಂದು ಗಂಟೆ ತಡವಾಗಿ ಎದ್ದು ಎರಡನೇ ಭಾಗಕ್ಕೆ ಸೇರಿಕೊಳ್ಳುವುದು ಹೀಗೆ. ಅದಕ್ಕಿಂತ ಕಾರ್ಯಕ್ರಮದ ಜಾಲತಾಣದಲ್ಲಿರುವ ಹಳೆಯ ಕಂತುಗಳೇ ವಾಸಿ. ಹಾಡಿನ ಪಟ್ಟಿ ತೆರೆದಿಟ್ಟುಕೊಂಡು ಒಂದು ದಿನಕ್ಕೆ ಒಂದೇ ಗಂಟೆ ಕೇಳಿ.

ಪಾಡ್‌ಕಾಸ್ಟ್ ಹುಡುಕಿದವರಿಗೆ ಸಿಗುವುದು ಬೇರೆ ಸರಕು: ಚಿಕ್ಕ ತುಣುಕುಗಳು, ಸಂದರ್ಶನವೇ ಜಾಸ್ತಿ. ಸಂಗೀತದ ಪಾಡ್‌ಕಾಸ್ಟ್‌ಗಳು ಹೀಗಾಗುವುದಕ್ಕೆ ಜಿಪುಣತನ ಕಾರಣವಲ್ಲ. ಹಾಡು ಜಾಲದಲ್ಲಿ ಹರಿದು (ಸ್ಟ್ರೀಮ್ ಆಗಿ) ಹೋಗುವುದಕ್ಕೆ ಒಂದು ಪರವಾನಗಿ, ಕೇಳುಗನ ಫೋನಿನಲ್ಲಿ ಉಳಿಯುವುದಕ್ಕೆ ಇನ್ನೊಂದು. ಎರಡನೆಯದನ್ನು ಹಾಡಿನ ಹಕ್ಕುದಾರರ ಹತ್ತಿರ ಪ್ರತ್ಯೇಕವಾಗಿ ಪಡೆಯಬೇಕು. ಅಮೆರಿಕದ ಕಾನೂನೇ ನೇರವಾಗಿ ಕೊಡುವ ಶಾಸನಬದ್ಧ ಪರವಾನಗಿಯಲ್ಲಿ ನಡೆಯುವ ಇಂಟರ್‌ನೆಟ್ ರೇಡಿಯೊಗಳಿಗಂತೂ ಮೂರು ಗಂಟೆಯೊಳಗೆ ಒಬ್ಬ ಕಲಾವಿದನ ನಾಲ್ಕಕ್ಕಿಂತ ಹೆಚ್ಚು ಹಾಡು ಹಾಕುವಂತಿಲ್ಲ, ಒಂದೇ ಆಲ್ಬಮ್ಮಿನ ಮೂರಕ್ಕಿಂತ ಹೆಚ್ಚೂ ಇಲ್ಲ. ಒಬ್ಬ ಗಾಯಕನ ಮೇಲೆ ಇಡೀ ಕಂತು ಮಾಡಹೊರಟ ಹವ್ಯಾಸಿ ಕೇಂದ್ರಗಳು ಸಿಕ್ಕಿಬೀಳುವುದು ಇಲ್ಲಿಯೇ.

ತಕರಾರು ಇಲ್ಲದಿಲ್ಲ. ಸ್ಪಿಟ್ಜರ್‌ಗೆ ಪ್ರಾಸದ ಚಟ, ಶ್ಲೇಷೆಯ ಚಟ. ಇಂಗ್ಲಿಷ್ ನುಡಿಗಟ್ಟು ಗೊತ್ತಿಲ್ಲದವರಿಗೆ ಅರ್ಧ ಜೋಕು ತಲೆಯ ಮೇಲೆ ಹಾರಿಹೋಗುತ್ತದೆ. ಒಂದು ಹಾಡಿನ ಬಾಲಕ್ಕೆ ಮಾತು, ಮಾತಿನ ಕೆಳಗೆ ವಾದ್ಯಸಂಗೀತ, ಅದರಿಂದ ಮುಂದಿನ ಹಾಡು ಎಂಬ ಹೆಣಿಗೆ ರೇಡಿಯೊಗೆ ಸೊಗಸು, ಆದರೆ ಹಾಡಿನ ಕೊನೆಯ ಪಟ್ಟು ಪೂರ್ತಿ ಕೇಳಬೇಕೆನ್ನುವವರಿಗೆ ಕಿರಿಕಿರಿ. ತವರಿನ ಪ್ರೀತಿಯೂ ಜಾಸ್ತಿ: ಎಲ್ಲಿಗೆ ಹೊರಟರೂ ದಾರಿ ನ್ಯೂ ಆರ್ಲಿಯನ್ಸ್ ಮೇಲೆ ಹಾದುಹೋಗುತ್ತದೆ. 2005ರ ಕತ್ರೀನಾ ಚಂಡಮಾರುತ ಸ್ಟುಡಿಯೊವನ್ನೇ ಒಂದಷ್ಟು ಕಾಲ ಅದೇ ರಾಜ್ಯದ ಲಾಫಯೆಟ್ ಊರಿಗೆ ಎಬ್ಬಿಸಿತ್ತು ಎಂಬುದು ಗೊತ್ತಿದ್ದರೆ ಈ ಪಕ್ಷಪಾತ ಅಷ್ಟು ಚುಚ್ಚುವುದಿಲ್ಲ.

ಮೊದಲ ಸಲ ಕೇಳುವವರು ನ್ಯೂ ಆರ್ಲಿಯನ್ಸ್‌ನ ಕಾರ್ನಿವಲ್ ಹಬ್ಬವಾದ ಮಾರ್ಡಿ ಗ್ರಾದ ಕಂತಿನಿಂದ ಶುರುಮಾಡಬೇಡಿ. ಮೆರವಣಿಗೆಯ ಬ್ರಾಸ್ ಬ್ಯಾಂಡು, ಅಮೆರಿಕದ ಮೂಲನಿವಾಸಿಗಳಂತೆ ಗರಿಯ ವೇಷ ತೊಡುವ ಕಪ್ಪು ಜನರ ‘ಇಂಡಿಯನ್’ ಪಂಗಡಗಳ ಕೂಗು ಎಲ್ಲ ಒಟ್ಟಿಗೆ ಬಂದು ಒಂದೂ ಬಿಡಿಯಾಗಿ ಕಿವಿಗೆ ಇಳಿಯುವುದಿಲ್ಲ. ಯಾವುದಾದರೂ ಕಾರ್ಮಿಕ ದಿನದ ಕಂತಿನ ಮೊದಲ ಗಂಟೆ ಹಾಕಿಕೊಳ್ಳಿ. ಅದು ಹಿಡಿಸಿದರೆ ಮಾರ್ಡಿ ಗ್ರಾಕ್ಕೆ ಮುಂದಿನ ಹಬ್ಬದವರೆಗೆ ಕಾಯಬೇಕಿಲ್ಲ, ಹಳೆಯದು ಅಲ್ಲೇ ಇದೆ.