ಬೋರ್ ನೀರಿಗೆ ಟ್ಯೂಬ್ ಸೋಲಾರ್: ಬಿಸಿಗೆ ಕೊರತೆಯಿಲ್ಲ, ಕಾಟವೆಲ್ಲ ಸುಣ್ಣದ್ದು

ನಾಲ್ಕು ಜನರ ಮನೆ, 200 ಲೀಟರ್ ಟ್ಯೂಬ್ ಸೋಲಾರ್ (ಗಾಜಿನ ಟ್ಯೂಬುಗಳಲ್ಲಿ ಬಿಸಿಲಿಗೆ ನೀರು ಕಾಯಿಸುವ ಹೀಟರ್), ನೀರು ಹೆಚ್ಚಿನಂಶ ಬೋರ್‌ವೆಲ್‌ದು. ಬೆಂಗಳೂರಿನ ಬಿಸಿಲಿಗೆ ನೀರು ಕಾಯುತ್ತದೋ ಇಲ್ಲವೋ ಎಂಬ ಚಿಂತೆ ಬೇಡ. ಮಾರ್ಚ್‌ನಲ್ಲಿ ತಣ್ಣೀರು ಬೆರೆಸದೆ ಮೈಮೇಲೆ ಹುಯ್ದುಕೊಳ್ಳಲಾಗದು. ತಲೆನೋವೆಲ್ಲ ಸುಣ್ಣದ್ದು.

ಗಡಸು ನೀರು ಕಾದಷ್ಟೂ ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ ಬಿಳಿ ಪುಡಿಯಾಗಿ ಬೇರ್ಪಟ್ಟು ಟ್ಯೂಬಿನ ತಳ ಸೇರುತ್ತದೆ, ಶವರಿನ ತೂತು ಮುಚ್ಚುತ್ತದೆ. ಟ್ಯಾಂಕಿನೊಳಗೆ, ಟ್ಯಾಂಕಿನ ಬದಲು ತಾನೇ ಸವೆಯುವ ಮೆಗ್ನೀಸಿಯಂ ಆನೋಡ್ ರಾಡನ್ನು ವರ್ಷಕ್ಕೊಮ್ಮೆ ಬಿಚ್ಚಿ ನೋಡಿ. ಸವೆದು ತಂತಿಯಂತಾಗಿದ್ದರೆ ಬದಲಿಸಿ, ಇಲ್ಲದಿದ್ದರೆ ಮುಂದೆ ತುಕ್ಕು ಹಿಡಿಯುವ ಸರದಿ ಟ್ಯಾಂಕಿನದೇ.

ಸರ್ವಿಸ್ ಹುಡುಗರು ಟ್ಯಾಂಕ್ ಖಾಲಿ ಮಾಡಿ ಬಿಲ್ ಬರೆದು ಹೋಗುತ್ತಾರೆ. ಟ್ಯೂಬ್ ಬಿಚ್ಚದೆ ಸುಣ್ಣ ಹೊರಬರುವುದಿಲ್ಲ ಸ್ವಾಮಿ! ಹಿಂದಿನ ದಿನವೇ ಟಾರ್ಪಾಲ್ ಹೊದಿಸಿ, ಬೆಳಗ್ಗೆ ಬಿಸಿಲೇರುವ ಮೊದಲು ಕೆಲಸ ಮುಗಿಸಬೇಕು. ಕಾದ ಖಾಲಿ ಟ್ಯೂಬಿಗೆ ತಣ್ಣೀರು ನುಗ್ಗಿದರೆ ಗಾಜು ಒಡೆಯುತ್ತದೆ. ತಣ್ಣೀರಿನ ವಾಲ್ವ್ ಮುಚ್ಚಿ, ಟ್ಯಾಂಕ್ ಖಾಲಿ ಮಾಡಿ, ಕೆಳಗಿನ ಪ್ಲಾಸ್ಟಿಕ್ ಕಪ್ ತೆಗೆಯಿರಿ. ಟ್ಯೂಬನ್ನು ಟ್ಯಾಂಕಿನೊಳಕ್ಕೆ ತುಸು ತಳ್ಳಿ, ತಳ ಎತ್ತಿ, ತಿರುಗಿಸುತ್ತಾ ಹೊರಗೆಳೆಯಿರಿ. ಒಳಗೆ ಎರಡೂವರೆ ಲೀಟರಿಗೂ ಹೆಚ್ಚು ನೀರಿರುತ್ತದೆ, ಕೈ ಜಾರೀತು. ಕೆಸರು ಸುರಿದು, ಅಂಟಿಕೊಂಡದ್ದಕ್ಕೆ ವಿನೆಗರ್ ಹಾಕಿ ನೆನೆಯಲು ಬಿಡಿ. ವಾಪಸ್ ಕೂರಿಸುವಾಗ ಸಿಲಿಕೋನ್ ರಿಂಗಿಗೆ ಸೋಪಿನ ನೀರು ಸವರಿ. ರಿಂಗ್ ಗಟ್ಟಿಯಾಗಿದ್ದರೆ ಹೊಸದು ಹಾಕಿ, ಹಳೆಯದು ಸೋರದೆ ಬಿಡದು. ಟ್ಯೂಬಿನ ತುದಿಯ ಬೆಳ್ಳಿ ಬಣ್ಣ ಹಾಲಿನಂತೆ ಬಿಳುಪಾಗಿದ್ದರೆ ಒಳಗಿನ ನಿರ್ವಾತ ಹೋಗಿದೆ ಎಂದರ್ಥ, ಆ ಟ್ಯೂಬ್ ಇನ್ನು ಶಾಖ ಹಿಡಿದಿಡುವುದಿಲ್ಲ.

ಇಷ್ಟು ಬೈದರೂ ಬೋರ್ ನೀರಿಗೆ ಟ್ಯೂಬೇ ವಾಸಿ. ಗಾಜಿನ ಟ್ಯೂಬಿನ ಬದಲು ಚಪ್ಪಟೆ ಫಲಕವಿರುವ ಪ್ಲೇಟ್ ಮಾದರಿಯ ಅರ್ಧ ಇಂಚಿನ ತಾಮ್ರದ ಕೊಳವೆಗಳಲ್ಲಿ ಸುಣ್ಣ ಕಟ್ಟಿದರೆ ಆಸಿಡ್ ಹಾಕಿಯೇ ತೊಳೆಸಬೇಕು. ಕಾವೇರಿ ನೀರು ಮಾತ್ರ ಬಳಸುವವರು, ದುಡ್ಡಿಗೆ ತೊಂದರೆಯಿಲ್ಲದವರು ಧಾರಾಳವಾಗಿ ಪ್ಲೇಟ್ ಹಾಕಿಸಲಿ, ಒಡೆಯುವ ಭಯ ಕಡಿಮೆ.

ಪೈಪಿನ ವಿಷಯ ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಮುಕ್ಕಾಲು ಇಂಚಿನ ಸಿಪಿವಿಸಿ (ಬಿಸಿನೀರಿಗೆ ಹಾಕುವ ಪ್ಲಾಸ್ಟಿಕ್) ಪೈಪು ಮೀಟರಿಗೆ ಕಾಲು ಲೀಟರ್ ಹಿಡಿಯುತ್ತದೆ. ಟೆರೇಸಿನಿಂದ ನೆಲಮಹಡಿಯ ಬಚ್ಚಲಿಗೆ 20 ಮೀಟರ್ ಇದ್ದರೆ ಬೆಳಗ್ಗೆ ಮೊದಲು ಬರುವ ಐದು ಲೀಟರ್ ತಣ್ಣೀರೇ. ಒಂದು ಇಂಚಿನದಾದರೆ ಎಂಟೂವರೆ. ಶವರಿನವರು ಗೊಣಗುತ್ತಾರೆ. ಬಕೆಟಿನವರಿಗೆ ಹನಿಯೂ ದಂಡವಿಲ್ಲ: ಮೊದಲು ತಣ್ಣೀರು ಬೀಳಲಿ, ಬೆರಳಿಟ್ಟು ನೋಡುತ್ತಿರಿ, ಬಿಸಿ ಬಂದಾಗ ಅದರ ಮೇಲೇ ತುಂಬಿಸಿ, ಹದ ತಾನಾಗಿ ಕೂರುತ್ತದೆ.

ಆಷಾಢದ ಮೋಡಕ್ಕೆ ಟ್ಯಾಂಕಿನ 2 ಕಿಲೋವ್ಯಾಟ್ ಕಾಯಿಲ್ ನಂಬಬೇಡಿ. 200 ಲೀಟರನ್ನು 20 ಡಿಗ್ರಿ ಏರಿಸಲು ಐದು ಯೂನಿಟ್ ಹತ್ತಿರ ಹೋಗುತ್ತದೆ. ಬಚ್ಚಲಲ್ಲಿ 15 ಲೀಟರಿನ ಗೀಸರ್ ಬೇರೆ ಇದ್ದರೆ ಒಬ್ಬರ ಸ್ನಾನ ಅರ್ಧ ಯೂನಿಟ್ ಚಿಲ್ಲರೆಯಲ್ಲಿ ಮುಗಿಯುತ್ತದೆ.