ಕ್ರೆಡಿಟ್ ಸ್ಕೋರ್ ಆ್ಯಪ್: ಹನ್ನೊಂದು ತಿಂಗಳ ಬಳಕೆಯ ನಂತರ

ಗೃಹಸಾಲಕ್ಕೆ ಅರ್ಜಿ ಹಾಕುವ ಮುನ್ನ ನನ್ನ ಸಾಲದ ದಾಖಲೆ ಹೇಗಿದೆ ಎಂದು ತಿಳಿದುಕೊಳ್ಳಲು ಒಂದು ಕ್ರೆಡಿಟ್ ಸ್ಕೋರ್ ಆ್ಯಪ್‌ಗೆ ಹನ್ನೊಂದು ತಿಂಗಳ ಹಿಂದೆ ಚಂದಾದಾರನಾದೆ. ಇಂಥ ಸೇವೆಗಳು ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ಕೆಲಸ ಮಾಡುವುದರಿಂದ ಅದರ ಹೆಸರನ್ನು ಬಿಟ್ಟು, ಒಳಗೆ ಏನು ಸಿಗುತ್ತದೆ ಎಂಬುದನ್ನಷ್ಟೇ ಬರೆಯುತ್ತೇನೆ.

ಆ್ಯಪ್ ತೆರೆದೊಡನೆ ಕಾಣುವುದು ಕೆಂಪಿನಿಂದ ಹಸಿರಿನವರೆಗೆ ಬಾಗಿದ ಒಂದು ಕಮಾನು, ಅದರ ಮೇಲೊಂದು ಮುಳ್ಳು. ನನ್ನ ಮುಳ್ಳು ಹಳದಿಯಲ್ಲಿ ನಿಂತಿತ್ತು. ಕ್ರೆಡಿಟ್ ಕಾರ್ಡಿನ ಬಾಕಿಯನ್ನು ಒಂದು ತಿಂಗಳೂ ತಪ್ಪದೆ, ಕೊನೆಯ ದಿನಾಂಕಕ್ಕೆ ಮೊದಲೇ ಪೂರ್ತಿಯಾಗಿ ಕಟ್ಟುತ್ತ ಬಂದಿದ್ದ ನನಗೆ ಇದರ ಕಾರಣ ಹೊಳೆಯಲಿಲ್ಲ. ಉತ್ತರ ಸಿಕ್ಕಿದ್ದು ಮೂರು ಪುಟ ಒಳಗಿದ್ದ ಖಾತೆಗಳ ವಿವರದಲ್ಲಿ: ನನ್ನ ಕಾರ್ಡಿನ ಎದುರು, ಮಿತಿಯ ಶೇಕಡಾ 72ರಷ್ಟು ಬಳಕೆಯಾಗಿದೆ ಎಂದಿತ್ತು. ಕಾರ್ಡ್ ಕೊಟ್ಟವರು ಕ್ರೆಡಿಟ್ ಬ್ಯೂರೋಗೆ, ಅಂದರೆ ಎಲ್ಲರ ಸಾಲದ ದಾಖಲೆ ಇಡುವ ಸಂಸ್ಥೆಗೆ, ಸಾಮಾನ್ಯವಾಗಿ ವರದಿ ಮಾಡುವುದು ಸ್ಟೇಟ್‌ಮೆಂಟ್ ಸಿದ್ಧವಾಗುವ ದಿನದ ಬಾಕಿಯನ್ನು. ನಾನು ಹಣ ಕಟ್ಟುತ್ತಿದ್ದುದು ಅದಾದ ಮೇಲೆ. ಹೀಗಾಗಿ ಬಡ್ಡಿ ಒಮ್ಮೆಯೂ ಬೀಳದಿದ್ದರೂ, ದಾಖಲೆಯಲ್ಲಿ ಮಾತ್ರ ನಾನು ಸದಾ ಸಾಲದಲ್ಲಿ ಮುಳುಗಿದವನಂತೆ ಕಾಣುತ್ತಿದ್ದೆ. ಮರುತಿಂಗಳಿಂದ ಸ್ಟೇಟ್‌ಮೆಂಟ್‌ಗೆ ಮೂರು ದಿನ ಮುಂಚೆ ದೊಡ್ಡ ಪಾಲನ್ನು ಕಟ್ಟತೊಡಗಿದೆ. ಬಳಕೆ ಶೇಕಡಾ 20ಕ್ಕಿಂತ ಕೆಳಗಿಳಿಯಿತು. ಖರ್ಚಿನಲ್ಲಿ ಏನನ್ನೂ ಬದಲಿಸದೆಯೇ ಮುಳ್ಳು ಹಸಿರಿಗೆ ಬಂತು.

ಇಷ್ಟು ಮುಖ್ಯವಾದ ವಿಷಯವನ್ನು ಆ್ಯಪ್ ಮುಂಪುಟದಲ್ಲೇ ಹೇಳಬೇಕಿತ್ತು. ಅದರ ವಿವರಣೆಯ ಪುಟದಲ್ಲಿ ‘ಉತ್ತಮ’, ‘ಸುಧಾರಿಸಬೇಕು’ ಎಂಬ ಪದಗಳಷ್ಟೇ ಇವೆ; ಯಾವ ಅಂಶಕ್ಕೆ ಎಷ್ಟು ತೂಕ ಎಂಬುದಿಲ್ಲ. 1989ರಲ್ಲಿ ಬಳಕೆಗೆ ಬಂದ ಅಮೆರಿಕದ ಫೈಕೋ (FICO) ಕ್ರೆಡಿಟ್ ಸ್ಕೋರ್ ಇದನ್ನು ಬಹಿರಂಗವಾಗಿಯೇ ತಿಳಿಸುತ್ತದೆ: ಪಾವತಿಯ ಚರಿತ್ರೆಗೆ ಶೇಕಡಾ 35, ಬಾಕಿ ಮೊತ್ತಕ್ಕೆ 30, ಖಾತೆಗಳ ವಯಸ್ಸಿಗೆ 15, ಹೊಸ ಸಾಲಕ್ಕೆ ಮತ್ತು ಸಾಲದ ವೈವಿಧ್ಯಕ್ಕೆ ತಲಾ 10. ಬೇರೆ ಸ್ಕೋರ್‌ಗಳ ಲೆಕ್ಕಾಚಾರ ಬೇರೆಯಿದ್ದರೂ, ಮೊದಲೆರಡು ಅಂಶಗಳ ಮಹತ್ವ ತಿಳಿದವರು ಹಳೆಯ ಕಾರ್ಡನ್ನು ಅವಸರದಲ್ಲಿ ಮುಚ್ಚಲಾರರು, ಏಕೆಂದರೆ ಅದರ ಮಿತಿ ಹೋದರೆ ಉಳಿದ ಬಾಕಿಯ ಪ್ರಮಾಣ ತಾನಾಗಿಯೇ ಏರುತ್ತದೆ.

ಆ್ಯಪ್‌ನಿಂದಾದ ಎರಡನೆಯ ಉಪಕಾರವೂ ಅದೇ ಪುಟದಿಂದಲೇ. ಎಂದೋ ತೀರಿಸಿದ ವಾಹನಸಾಲವೊಂದು ಇನ್ನೂ ಚಾಲ್ತಿಯಲ್ಲಿದೆ ಎಂದು ಅಲ್ಲಿ ನಮೂದಾಗಿತ್ತು. ತಕರಾರು ಸಲ್ಲಿಸುವ ಗುಂಡಿ ಇದೆಯಾದರೂ, ಅದು ದೂರನ್ನು ಬ್ಯೂರೋಗೆ ದಾಟಿಸುತ್ತದೆ ಅಷ್ಟೆ. ಸಾಲ ಕೊಟ್ಟ ಸಂಸ್ಥೆ ಒಪ್ಪುವವರೆಗೆ ನಮೂದು ಬದಲಾಗಲಿಲ್ಲ. ಋಣಮುಕ್ತ ಪತ್ರವನ್ನು ಜೋಪಾನವಾಗಿ ಇಟ್ಟುಕೊಂಡಿದ್ದರಿಂದ ಆರು ವಾರಗಳಲ್ಲಿ ಸರಿಹೋಯಿತು. ಆ ಪತ್ರವಿಲ್ಲದಿದ್ದರೆ ಗೃಹಸಾಲದ ಅರ್ಜಿಯ ಹೊತ್ತಿಗೆ ನಾನು ಯಾರ ಬಾಗಿಲು ತಟ್ಟಬೇಕಿತ್ತೋ ತಿಳಿಯದು.

ನನ್ನನ್ನು ನಿಜಕ್ಕೂ ನೋಯಿಸಿದ್ದು ಸಾಲದ ಜಾಹೀರಾತುಗಳು. ನಮ್ಮ ಸ್ಕೋರನ್ನು ನಾವೇ ನೋಡಿಕೊಂಡರೆ ಅದಕ್ಕೆ ಧಕ್ಕೆಯಿಲ್ಲ; ಆದರೆ ಸಾಲಕ್ಕೆ ಅರ್ಜಿ ಹಾಕಿದಾಗ ಸಾಲದಾತರು ಮಾಡುವ ವಿಚಾರಣೆ ದಾಖಲಾಗುತ್ತದೆ, ಕೆಲವು ಅಂಕಗಳು ಕುಸಿಯಲೂಬಹುದು. ಈ ಆ್ಯಪ್‌ನಲ್ಲಿ ‘ವರದಿ ನೋಡಿ’ ಮತ್ತು ‘ಅರ್ಜಿ ಸಲ್ಲಿಸಿ’ ಎಂಬ ಗುಂಡಿಗಳು ಒಂದೇ ಬಣ್ಣದಲ್ಲಿ, ಒಂದರ ಕೆಳಗೊಂದು ಇವೆ. ಸ್ಕೋರ್ ಕಾಯುವುದಾಗಿ ಚಂದಾ ಪಡೆದವರು ಹೀಗೆ ಮಾಡುವುದು ಸರಿಯಲ್ಲ ಎಂದು ಅವರಿಗೆ ಎರಡು ಬಾರಿ ಬರೆದೆ, ಉತ್ತರ ಬರಲಿಲ್ಲ.

ಚಂದಾವನ್ನು ನವೀಕರಿಸುತ್ತಿಲ್ಲ. ಖಾತೆಗಳ ವಿವರ ಉಚಿತ ಆವೃತ್ತಿಯಲ್ಲೂ ತಿಂಗಳಿಗೊಮ್ಮೆ ಸಿಗುವುದರಿಂದ, ಸಾಲ ತೆಗೆದುಕೊಳ್ಳಲಿರುವವರಿಗೆ ಅದನ್ನೇ ಸೂಚಿಸುತ್ತೇನೆ. ಹೊಸ ವರದಿ ಬಂದಾಗ ಮುಂಪುಟದ ಮುಳ್ಳನ್ನು ದಾಟಿ ನೇರವಾಗಿ ಒಳಪುಟಕ್ಕೆ ಹೋಗಿ, ಒಂದೊಂದು ಖಾತೆಯ ಬಾಕಿಯನ್ನೂ ನನ್ನ ಲೆಕ್ಕದ ಪುಸ್ತಕದೊಂದಿಗೆ ತಾಳೆ ನೋಡುತ್ತೇನೆ.